ಬೀಜದೊಳಗಿನ ಚಮಚ

ಐದು ಬೆರಳು, ಮತ್ತೆ ಐದು, ನಾದಿದ ಹಿಟ್ಟಿನ ಮೇಲೆ ಯಾರೋ ಕೈ ಊರಿ ಹೋದ ಹಾಗೆ ಹಳ್ಳದ ಕೆಸರಿನ ತುಂಬ — ನಿನ್ನೆಯದೇ, ಅಂಚು ಕುಸಿದಿಲ್ಲ, ದೊಡ್ಡ ಗಂಡು ರಕೂನ್, ವರ್ಲಿನ್ ಬಗ್ಗಿದ, ಎಪ್ಪತ್ತೊಂದು ವರ್ಷದ ಮೊಣಕಾಲು ಲಟಕ್ಕೆಂದಿತು, ಇರಲಿ, ಬೋನು ಇಲ್ಲೇ ಇಡಬೇಕು, ತುಪ್ಪಳಕ್ಕೆ ಪ್ರಾಣಿ ಹಿಡಿಯುವ ಕಾಲ ಶುರುವಾಗಲು ಇನ್ನು ನಾಲ್ಕೇ ದಿನ, ಹೆಜ್ಜೆ ದಡ ಹತ್ತಿ ಪರ್ಸಿಮನ್ ಮರದತ್ತ ಹೋಗಿದೆ, ಹೋಗದೆ ಇನ್ನೇನು, ಹೊಟ್ಟೆಬಾಕ ಜಾತಿ, ಮರದಡಿ ಒಂದು ಹಣ್ಣೂ ಬಿಟ್ಟಿಲ್ಲ, ಒಂದೂ ಇಲ್ಲ, ಹಾಗಾದರೆ ಹೆಂಡತಿ ಓಲೆಟಾಗೆ ಆ ಹಣ್ಣಿನ ಬೀಜ ಎಲ್ಲಿ ಸಿಕ್ಕಿತು, ಬೆಳಿಗ್ಗೆ ಅಡುಗೆಮನೆ ಕಿಟಕಿಯ ಬಳಿ ಹಲ್ಲಲ್ಲಿ ಕಚ್ಚಿ ಸೀಳುತ್ತಿದ್ದಳು, ಅವಳಿಗೆ ಮರೆವು ಹೆಚ್ಚಾದ ಮೇಲೆ ಚಾಕುಗಳನ್ನೆಲ್ಲ ಅವನೇ ಬಚ್ಚಿಟ್ಟಿದ್ದಾನಲ್ಲ, ಅದಕ್ಕೇ ಹಲ್ಲು, ಬರುವ ಚಳಿಗಾಲ ಹೇಗಿರುತ್ತದೆಂದು ಅವಳಮ್ಮ ನೋಡುತ್ತಿದ್ದದ್ದೂ ಹೀಗೇ, ಬೀಜದೊಳಗಿನ ಬಿಳಿ ಮೊಳಕೆ ಚಾಕುವಿನ ಹಾಗೆ ಕಂಡರೆ ಕೊರೆಯುವ ಚಳಿ, ಚಮಚದ ಹಾಗೆ ಕಂಡರೆ ಮೊಣಕಾಲುದ್ದ ಹಿಮ, ಚಮಚ ಬಂದಿದೆ ನೋಡು ವರ್ಲಿನ್, ಸಲಿಕೆ ಎಲ್ಲಿ ಬಿಸಾಕಿದೀಯೋ ಹುಡುಕಿಟ್ಕೋ ಅಂದಿದ್ದಳು — ಒಲೆ ಆರಿಸುವುದನ್ನು ಮರೆಯುತ್ತಾಳೆ, ಹೆತ್ತ ಮಗಳ ಹೆಸರು ಮರೆಯುತ್ತಾಳೆ, ಗಂಡನನ್ನು ಬೈಯುವುದು ಮರೆತಿಲ್ಲವಲ್ಲ ಎಂದು ಅವನಿಗೆ ಎಷ್ಟು ಖುಷಿಯಾಗಿತ್ತು, ನಕ್ಕು ಕೋಟು ಹಾಕಿಕೊಂಡು ಬಂದಿದ್ದ.

ಬಿದ್ದ ದಿಮ್ಮಿಯ ಮೇಲೆ ರಕೂನಿನ ಹಿಕ್ಕೆ, ಎರಡು ಗುಡ್ಡೆ, ಪಕ್ಕದ ಕೆಸರಿನಲ್ಲಿ ಮನೆಯೊಳಗೆ ಹಾಕುವ ಚಪ್ಪಲಿಯ ಗುರುತು, ಎಡಗಾಲು ಎಳೆದು ಹಾಕಿದ್ದು, ಓಲೆಟಾದೇ, ಆ ನಡಿಗೆಯನ್ನು ಅವನು ಕಣ್ಣು ಮುಚ್ಚಿ ಹೇಳಬಲ್ಲ, ಜೊತೆಗೆ ಬೋನು ಇಡುವ ಡೆಲ್ಬರ್ಟ್ ಒಮ್ಮೆ ಬೋನಿಗೆ ಎಣ್ಣೆ ಸವರುತ್ತಾ ಹೇಳಿದ್ದ, ಹೊಸ ಹಿಕ್ಕೆ ಏನೂ ಮಾಡಲ್ಲ ಕಣಯ್ಯಾ, ವಾರಗಟ್ಟಲೆ ಬಿದ್ದಿರುತ್ತಲ್ಲ ಅದೇ ಕೆಟ್ಟದ್ದು, ಅದರೊಳಗಿನ ಹುಳದ ಮೊಟ್ಟೆ ಬಾಯಿಗೆ ಹೋದ್ರೆ ಮಿದುಳಿಗೇ ಹತ್ತುತ್ತೆ — ಐವತ್ತು ವರ್ಷದಿಂದ ಹಳೆಯ ಹಿಕ್ಕೆ ಕಂಡರೆ ವರ್ಲಿನ್ ಕಾಲಲ್ಲಿ ಸರಿಸಿ ಮುಂದೆ ಹೋದವನು, ಹೊಸದಾಗಿರಲಿ, ಅವಳು ಮುಟ್ಟಿದ್ದು ಹೊಸದಾಗಿರಲಿ ದೇವರೇ, ಕಡ್ಡಿಯಿಂದ ಕೆದಕಿದ, ಕಪ್ಪಗೆ ಹೊಳೆಯುವ ಗುಡ್ಡೆಯಲ್ಲಿ ಬೀಜಗಳು ಹಾಗೇ ಇವೆ, ಯಾರೂ ಮುಟ್ಟಿಲ್ಲ, ಯಾಕೆ ಮುಟ್ಟಲಿಲ್ಲ ಓಲೆಟಾ, ಪಕ್ಕದ್ದು ಬೂದುಬಣ್ಣಕ್ಕೆ ತಿರುಗಿದೆ, ಒಣಗಿದೆ, ತಿಂಗಳಾಗಿದೆ, ಬೆರಳಲ್ಲಿ ಬಿಡಿಸಿ ಆರಿಸಿದ್ದಾಳೆ, ಒಂದು ಬೀಜವೂ ಉಳಿದಿಲ್ಲ, ಓಡಬೇಕು, ಆಸ್ಪತ್ರೆ ನಲವತ್ತು ಮೈಲಿ, ಟ್ರಕ್ಕಿನ ಕೀಲಿ ಎಲ್ಲಿ, ಏಳು, ಏಳೋ ಮುದುಕ, ತೊಳೆದಿದ್ದಳೋ ಏನೋ, ತೊಳೆದಿರುತ್ತಾಳೆ, ಇಲ್ಲ, ಅವಳ ತುಟಿಯಂಚಿನಲ್ಲಿ ಬೂದುಬಣ್ಣದ ಪುಡಿ ಇತ್ತು, ಹಿಟ್ಟು ಅಂದುಕೊಂಡು ಅವನೇ ಹೆಬ್ಬೆರಳಿನಿಂದ ಒರೆಸಿದ್ದ, ಚಮಚ ನೋಡು ಅಂದಳು, ನೋಡಿದ್ದ, ಅವಳ ಹಲ್ಲಿನ ನಡುವೆ ಸೀಳಿದ ಬೀಜ, ಅದರೊಳಗೆ ಆ ಬಿಳಿ ಚಮಚ, ಬಿಳಿ ಚಮಚ —