ದರಿ ಅಂದರೆ ದಾರಿಯಲ್ಲ

ನಾಗಪುರದ ಬಿಸಿಲಿಗೆ ಬೆಂದವರಿಗೆ ನಾಲ್ಕು ಹನಿ ಬಿದ್ದರೆ ಸಾಕು, ನೀರು ನೋಡುವ ಹುಚ್ಚು ಹತ್ತುತ್ತದೆ. ನಮ್ಮ ಯಜಮಾನರು ಲಕ್ಷ್ಮೀಕಾಂತ, ಬ್ಯಾಂಕಿನವರು. ಮೈಸೂರಿನಿಂದ ವರ್ಗವಾಗಿ ಬಂದು ವರ್ಷವೂ ತುಂಬಿರಲಿಲ್ಲ. ಒಂದು ಭಾನುವಾರ ಮಗಳು ಖುಷಿ, ಪಕ್ಕದ ಮನೆಯ ಕಾಶಿಬಾಯಿ ಎಲ್ಲರೂ ಸೇರಿ ಸಾತಪುಡಾ ಬೆಟ್ಟದ ಕಡೆ ಹೊರಟೆವು.

ಕಾರು ನಿಲ್ಲಿಸಿದಲ್ಲಿ ಒಂದು ಮರಾಠಿ ಬೋರ್ಡಿತ್ತು: 'ಪುಢೇ ದರೀ ಆಹೇ.'

"ನೋಡು ಸತ್ಯಭಾಮಾ, ಮುಂದೆ ದಾರಿ ಇದೆಯಂತೆ! ಮರಾಠಿ ಏನು ಮಹಾ, ನಮ್ಮ ಕನ್ನಡಾನೇ!" ಎಂದವರೇ ಖುಷಿಯ ಕೈ ಹಿಡಿದು ಕೆಳಗೆ ಹರಿಯುತ್ತಿದ್ದ ನೀರಿಗೆ ಇಳಿದೇಬಿಟ್ಟರು. ನಾನಿನ್ನೂ ಬುತ್ತಿ ಇಳಿಸುತ್ತಿದ್ದೆ.

ಕಾಶಿಬಾಯಿ ವಿಜಯಪುರದವರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಬೋರ್ಡು ಓದಿ ಗಾಬರಿಯಾದರು.

"ಸರ, ದಾರಿ ಅಲ್ರಿ, ದರಿ! ಅಂದ್ರ ಕೊಳ್ಳ. ನೀರೇ ಬಂಡಿಗಲ್ಲು ಕೊರದು ಮಾಡಿದ್ದು. ಎರಡೂ ಕಡೆ ಗ್ವಾಡಿ ಇದ್ದಂಗ ಐತಿ, ನೀರು ಬಂದ್ರ ಓಡಾಕ ಜಾಗಾ ಇಲ್ಲ. ಮ್ಯಾಲ ಬರ್ರಿ!"

"ಇಷ್ಟು ಬಿಸಿಲಿದೆ, ಯಾವ ನೀರು ಬರುತ್ತೆ ಬಿಡಿ!" ಎಂದು ಇವರು ಕೆಳಗಿನಿಂದ ನಕ್ಕರು.

"ಬಿಸಿಲು ಇಲ್ಲೈತ್ರಿ. ಆ ಗುಡ್ಡದ ಮ್ಯಾಲ ಮೋಡ ಕಪ್ಪಿಟ್ಟೈತಿ. ಅಲ್ಲಿ ಬಿದ್ದ ಮಳಿ ಇಲ್ಲೇ ಹರದು ಬರೂದು. ನಿಮ್ಮ ಕಾಲಾಗಿನ ನೀರು ನೋಡ್ರಿ!"

ಅಲ್ಲಿಯವರೆಗೆ ತಿಳಿಯಾಗಿದ್ದ ನೀರು ರಾಡಿಯಾಗುತ್ತಿತ್ತು. ಕಸಕಡ್ಡಿ ತೇಲಿಬರುತ್ತಿತ್ತು. ಇವರ ನಗು ನಿಂತಿತು. ಖುಷಿಯನ್ನು ಎತ್ತಿಕೊಂಡರು. ಅವಳ ಚಪ್ಪಲಿ ತೇಲಿಹೋಯಿತು, ಅದರ ಹಿಂದೆಯೇ ಹೊರಟರು.

"ಚಪ್ಪಲಿ ಬಿಡ್ರಿ! ನೀರಿನ ಗುಂಟ ಓಡಬ್ಯಾಡ್ರಿ, ನೀವು ಇಳದ ಬದಿಗೆ ಹತ್ರಿ, ಜಲ್ದಿ!"

ನಾನು ಬುತ್ತಿ ಬಿಟ್ಟು ಅಂಚಿಗೆ ಓಡಿದೆ. ಅವರು ಹತ್ತಿ ಬಂದು ಏದುಸಿರು ಬಿಡುತ್ತಿದ್ದಾಗಲೇ ಕೊಳ್ಳದ ತುಂಬ ಕೆಂಪು ನೀರು ಭೋರ್ಗರೆದು ಬಂತು. ನನ್ನ ಮಗಳು ನಿಂತಿದ್ದ ಬಂಡೆ ಕಾಣಲೇ ಇಲ್ಲ.

ಇವರು ಕೈ ಮುಗಿದರು. "ಅಕ್ಕಾ, ನಮ್ಮ ಮಗೂನ ಉಳಿಸಿಕೊಟ್ರಿ."

"ಮೊದಲ ಚಹಾ ಕುಡಸ್ರಿ. ಆಮ್ಯಾಲ ಮರಾಠಿ ಕಲೀರಿ," ಎಂದರು ಕಾಶಿಬಾಯಿ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮಳೆಗಾಲದಲ್ಲಿ ಕೊಳ್ಳಕ್ಕೆ ಇಳಿಯಬೇಡಿ, ಮೇಲೆ ನಿಂತೇ ನೋಡಿ. ನೀರು ಹುಟ್ಟುವ ಗುಡ್ಡದ ಮೇಲೆ ಮೋಡ ಇದೆಯೇ ನೋಡಿಕೊಳ್ಳಿ. ನೀರು ರಾಡಿಯಾದರೆ ಚಪ್ಪಲಿ, ಮೊಬೈಲು ಎಲ್ಲ ಬಿಟ್ಟು ಬದಿಯ ಎತ್ತರಕ್ಕೆ ಹತ್ತಿ. ಬೋರ್ಡು ಅರ್ಥವಾಗದಿದ್ದರೆ ಯಾರನ್ನಾದರೂ ಕೇಳಿ, ಅದರಲ್ಲಿ ನಾಚಿಕೆಯೇನಿದೆ?

ಕಾಶಿಬಾಯಿಯವರ ಋಣ ನಾವು ತೀರಿಸುವಂಥದ್ದಲ್ಲ. ನೀವು ಹೋದಲ್ಲೆಲ್ಲ ಅವರು ಇರುವುದಿಲ್ಲ. ಅವರ ಮಾತಾದರೂ ನಿಮ್ಮ ಜೊತೆಗಿರಲಿ.