ಎಡಗೆನ್ನೆ

ಆಸ್ಪತ್ರೆಯ ಶವಾಗಾರದಲ್ಲಿ ಗುರುತು ಸಿಗದ ಹೆಣಗಳ ಫೋಟೋ ತೆಗೆಯುವುದು ಅವಳ ಕೆಲಸ. ಎಲ್ಲರ ಬಾಯಲ್ಲೂ ಅವಳು ಫೋಟೋ ಅಕ್ಕ. ಹಿಂದೆ ಇದ್ದವನು ಮುಖಕ್ಕೆ ನೇರ ಫ್ಲ್ಯಾಶ್ ಹೊಡೆದು ಕೈತೊಳೆದುಕೊಳ್ಳುತ್ತಿದ್ದ. ಕಾಣೆಯಾದವರನ್ನು ಹುಡುಕಿಕೊಂಡು ಬಂದವರು ಆಲ್ಬಮ್ ತೆರೆದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದನ್ನು ಕಂಡ ಅಕ್ಕ ತಾನು ಹಾಗೆ ತೆಗೆಯಬಾರದೆಂದುಕೊಂಡಳು. ಅವಳು ಕಿಟಕಿಯ ಬೆಳಕಿಗಾಗಿ ಕಾಯುತ್ತಿದ್ದಳು. ರಕ್ತ ಒರೆಸಿ, ತಲೆ ಬಾಚಿ, ಗಾಯವಿಲ್ಲದ ಮಗ್ಗುಲು ಕಾಣುವಂತೆ ಮುಖ ತಿರುಗಿಸುತ್ತಿದ್ದಳು.

"ಮದುವೆ ಗಂಡಿಗೂ ಇಷ್ಟು ಸಿಂಗಾರ ಮಾಡಲ್ಲ ಕಣಕ್ಕ," ಎಂದು ಕಾವಲುಗಾರ ರೇಗಿಸುತ್ತಿದ್ದ.

"ನೋಡೋಕೆ ಬರೋರು ಹೆತ್ತವರು ಕಣಪ್ಪ," ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಲಾರಿ ಗುದ್ದಿ ಸತ್ತ ಯುವಕನೊಬ್ಬನನ್ನು ತಂದರು. ಹಣೆಯ ಎಡಭಾಗ ಒಡೆದುಹೋಗಿತ್ತು. ಎಡಗೆನ್ನೆಯ ಮೇಲೆ ಹಳೆಯ ಸುಟ್ಟ ಕಲೆ. ಬಲಮಗ್ಗುಲು ಮಾತ್ರ ಮಲಗಿ ನಿದ್ರಿಸುತ್ತಿರುವಂತಿತ್ತು. ಅಕ್ಕ ಅದನ್ನೇ ತೆಗೆದಳು.

ಮೂರನೆಯ ದಿನ, ಅವಳಿಲ್ಲದ ಹೊತ್ತಿನಲ್ಲಿ, ದರ್ಜಿ ಕೆಲಸದ ಹೆಂಗಸೊಬ್ಬಳು ಮಗನನ್ನು ಹುಡುಕಿಕೊಂಡು ಬಂದಳು. ಕಾವಲುಗಾರ ಆಲ್ಬಮ್ ತೋರಿಸಿದ. ಆ ಫೋಟೋದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. "ನನ್ನ ಮಗನ ಕೆನ್ನೇಲಿ ಇಸ್ತ್ರಿಪೆಟ್ಟಿಗೆ ತಾಗಿದ ಕಲೆ ಇದೆಯಪ್ಪ. ಇವನಲ್ಲ," ಎಂದು ನಿಟ್ಟುಸಿರು ಬಿಟ್ಟು, ನಗುತ್ತಲೇ ಹೋದಳು. ಫೋಟೋದಲ್ಲಿರುವುದು ಒಂದೇ ಕೆನ್ನೆ ಎಂಬುದು ಆ ಸಮಾಧಾನದಲ್ಲಿ ಅವಳಿಗೂ ಹೊಳೆಯಲಿಲ್ಲ, ಕಾವಲುಗಾರನಿಗೂ ಹೊಳೆಯಲಿಲ್ಲ.

ತಿಂಗಳು ಕಳೆದು ಮತ್ತೆ ಬಂದಳು. ಪೊಲೀಸರು ತೋರಿಸಿದ, ಆ ಹೆಣದ ಮೇಲಿದ್ದ ಅಂಗಿಯ ಕಾಲರಿನಲ್ಲಿ ತನ್ನದೇ ಹೊಲಿಗೆ ಕಂಡಿದ್ದಳು. ಅಷ್ಟರಲ್ಲಿ ಅವನನ್ನು ಇನ್ನೇಳು ಅನಾಥ ಹೆಣಗಳ ಜೊತೆ ಒಂದೇ ಗುಂಡಿಯಲ್ಲಿ ಮಣ್ಣು ಮಾಡಿಯಾಗಿತ್ತು.

"ಆ ಕಡೆ ಕೆನ್ನೇದು ಫೋಟೋ ಇದೆಯಾ ತಾಯಿ?"

ಅಕ್ಕ ಆಲ್ಬಮ್ ಮುಚ್ಚಿದಳು. "ತೆಗೀಲಿಲ್ಲಮ್ಮ."

ಆ ಹೆಂಗಸು ಬೈಯಲಿಲ್ಲ, ಅಳಲೂ ಇಲ್ಲ. "ಚೆನ್ನಾಗಿ ತೆಗ್ದಿದ್ದೀಯ. ಅದಕ್ಕೇ ನನ್ನವನು ಅನ್ನಿಸಲಿಲ್ಲ," ಎಂದಷ್ಟೇ ಹೇಳಿ ಎದ್ದು ಹೋದಳು.

"ಕಲೆ ವಿಷಯ ಡಾಕ್ಟ್ರ ಫೈಲಲ್ಲಿತ್ತಲ್ಲಕ್ಕ, ನಿಂದೇನು ತಪ್ಪು?" ಎಂದ ಕಾವಲುಗಾರ. ಆ ಹೆಂಗಸು ಮೊದಲು ಬಂದ ದಿನ ಅವನು ಆ ಫೈಲು ತೆರೆದಿರಲಿಲ್ಲ. ಯಾರೂ ತೆರೆದಿರಲಿಲ್ಲ. ಆದರೆ ಆ ಕಲೆಯನ್ನು ಕಣ್ಣಾರೆ ಕಂಡು ಮುಖ ತಿರುಗಿಸಿದವಳು ತಾನೇ ಎಂಬುದು ಅಕ್ಕನನ್ನು ಕಿತ್ತು ತಿನ್ನುತ್ತಿತ್ತು.

ಮರುದಿನದಿಂದ ಫ್ಲ್ಯಾಶ್ ಹಾಕಿ ಎಡ, ಬಲ, ನೇರ, ಮೂರೂ ತೆಗೆಯತೊಡಗಿದಳು. ವಾರದೊಳಗೆ ಒಬ್ಬ ಮುದುಕ ಮಗಳ ಒಡೆದ ಮುಖ ನೋಡಿ, ಆಲ್ಬಮ್ಮಿನ ಮೇಲೆಯೇ ಕುಸಿದುಬಿದ್ದ. ಅಕ್ಕ ಅವನನ್ನು ಹಿಡಿದೆತ್ತಿ ಬೆಂಚಿನ ಮೇಲೆ ಕೂರಿಸಿದಳು.

ಬೇರೆ ಕೆಲಸ ಕೊಡಿ ಎಂದು ಮೇಲಧಿಕಾರಿಗೆ ಅರ್ಜಿ ಕೊಟ್ಟಳು. ಅವರು ಓದದೆ ಪಕ್ಕಕ್ಕಿಟ್ಟರು.

"ನಿಮ್ಮಷ್ಟು ಚೆನ್ನಾಗಿ ಇನ್ಯಾರು ತೆಗೀತಾರಮ್ಮ? ಹೋಗಿ, ಒಳಗೆ ಇನ್ನೂ ಇಬ್ಬರಿದ್ದಾರೆ."