ಮೂರನೆಯ ಕರೆ

"ನೋಡೇ ತೇಹೊ ಅಮ್ಮ, ನಿನ್ ಗಂಡ ಈ ವಯಸ್ಸಲ್ಲಿ ಹೀರೋ ಆಗ್ಬಿಟ್ಟ!"

ಓಕ್ಬುನ್ ತನ್ನ ಮೊಬೈಲನ್ನು ತಂದು ಮಾಲ್ಸುನ್‌ಳ ಮೂಗಿಗೇ ಹಿಡಿದಳು. ಸೀಳಿದ ಬೊಂಡಾಸು ಮೀನುಗಳನ್ನು ಬಿಸಿಲಿಗೆ ನೇತುಹಾಕುತ್ತಿದ್ದ ಮಾಲ್ಸುನ್‌ಳ ಎರಡು ಕೈಯೂ ಲೋಳೆ ಲೋಳೆ. ಕತ್ತು ಚಾಚಿ ನೋಡಿದಳು. ಕಡಲಿನ ತಡೆಗೋಡೆಯ ತುದಿಯಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ ತನ್ನ ಗಂಡ ಚಿಲ್ಬೊಕ್. ಸುತ್ತ ಪಟ್ಟಣದ ಹುಡುಗಿಯರ ಹಿಂಡು. "ತಾತ, ನೀವೇ ಒಂದ್ಸಲ ಕೂಗಿ ತೋರ್ಸಿ" ಎಂದು ಯಾರೋ ದುಂಬಾಲು ಬಿದ್ದಿದ್ದರು. ಚಿಲ್ಬೊಕ್ ನಕ್ಕ, ತಲೆ ಕೆರೆದುಕೊಂಡ. ಆಮೇಲೆ ಕಡಲಿಗೆ ಮುಖ ಮಾಡಿ, ಎರಡೂ ಅಂಗೈಯನ್ನು ಬಾಯಿಯ ಸುತ್ತ ಹಿಡಿದ.

"ದಲ್ಲೇ... ದಲ್ಲೇ... ದಲ್ಲೇ..."

ಮೂರನೆಯ ಕರೆ ಮುಗಿದ ಮೇಲೂ ಅವನು ಕೈ ಇಳಿಸಲಿಲ್ಲ. ಹುಡುಗಿಯರ ನಗು ನಿಂತುಹೋಗಿತ್ತು.

"ಯಾರಕ್ಕಾ ಈ ದಲ್ಲೆ?" ಎಂದಳು ಮಾಲ್ಸುನ್.

"ಅಯ್ಯೋ, ನಿಂಗೊತ್ತಿಲ್ವಾ? ಸುಮ್ನೆ ನಾನ್ಯಾಕೆ ಬಾಯಿ ಬಿಟ್ನೋ!" ಎಂದಳು, ಬಾಯಿ ಬಿಡಬೇಕೆಂದೇ ಮೂರು ಮನೆ ದಾಟಿ ಬಂದಿದ್ದ ಓಕ್ಬುನ್.

ಹೋದ ಚಳಿಗಾಲದಲ್ಲಿ ದೇಶಕ್ಕೇ ಹುಚ್ಚು ಹಿಡಿಸಿದ 'ಅಲೆಯೊಳಗಿನ ವರ' ಧಾರಾವಾಹಿಯನ್ನು ತೆಗೆದದ್ದು ಈ ಊರಿನ ತಡೆಗೋಡೆಯ ಮೇಲೆ. ಮುನ್ನೂರು ವರ್ಷದ ಹಿಂದೆ ಮುಳುಗಿಹೋದ ನಾವಿಕ ಅದರ ನಾಯಕ. ನಾಯಕಿ ಮೂರು ಸಲ ಹೆಸರು ಹಿಡಿದು ಕೂಗಿದರೆ ಸಾಕು, ಹನಿ ನೀರೂ ಸೋಕದ ಬಟ್ಟೆಯಲ್ಲಿ ಎದ್ದು ಬಂದು ನಿಲ್ಲುತ್ತಾನೆ. ಅದು ಮುಗಿದದ್ದೇ ತಡ, ರಾಜಧಾನಿ ಸಿಯೋಲ್‌ನಿಂದ, ಎಲ್ಲೆಲ್ಲಿಂದಲೋ ಜೋಡಿಗಳು ಬಂದು, ಧಾರಾವಾಹಿಯಲ್ಲಿದ್ದಂಥ ನೀಲಿ ಕೋಟನ್ನು ಬಾಡಿಗೆಗೆ ಪಡೆದು ತೊಟ್ಟು, ಸಾಲಿನಲ್ಲಿ ನಿಂತು, ತಮ್ಮವರ ಹೆಸರನ್ನು ಕಡಲಿಗೆ ಕೂಗತೊಡಗಿದರು. ಊರಿನ ಮುದುಕಿಯರು ಮೊದಮೊದಲು ಎದೆ ಹಿಡಿದುಕೊಂಡರು. ಅವರಿಗೆ ಗೊತ್ತಿದ್ದ ಮೂರು ಕರೆಯೇ ಬೇರೆ. ಸತ್ತವರ ಅಂಗಿ ಹಿಡಿದು ಸೂರು ಹತ್ತಿ ಕೂಗುವ ಕರೆ ಅದು. ಕಡಲು ಹೆಣ ಕೊಡದಿದ್ದರೆ ದಡದಲ್ಲಿ ನಿಂತು ಕೂಗುತ್ತಾರೆ. ಮೂರಕ್ಕೂ ಓಗೊಡದಿದ್ದರೆ ಸತ್ತದ್ದು ನಿಜ, ಇನ್ನು ಅಳಬಹುದು. ಬದುಕಿರುವವರನ್ನು ಯಾರಾದರೂ ಹಾಗೆ ಕರೆಯುತ್ತಾರೆಯೇ? "ತಿಳುವಳಿಕೆ ಇಲ್ಲದ ಮುಂಡೇವು" ಎಂದು ಬೈದ ಮುದುಕಿಯರೇ ಹೊಸವರ್ಷದ ಹಬ್ಬ ಕಳೆಯುವುದರೊಳಗೆ ಅವರಿಗೆ ಕಾಫಿ ಮಾರುತ್ತಿದ್ದರು. ದೋಣಿ ಮಾರಿ ಸುಮ್ಮನೆ ಕುಳಿತಿದ್ದ ಚಿಲ್ಬೊಕ್‌ಗೂ ಜನ ಬಂಡೆಯಿಂದ ಜಾರದಂತೆ ಕಾಯುವ ಕೆಲಸ ಸಿಕ್ಕಿತು.

ದಲ್ಲೆ ಎಂದರೆ ಕಡಲಿಗೆ ಮುಳುಗಿ ಚಿಪ್ಪು ಹೆಕ್ಕುತ್ತಿದ್ದ ಹುಡುಗಿ. ಚಿಲ್ಬೊಕ್‌ಗೆ ಗೊತ್ತುಮಾಡಿದ್ದವಳು. ಮದುವೆಯ ಹಿಂದಿನ ಶರತ್ಕಾಲದಲ್ಲಿ ಮುಳುಗಿದವಳು ಮೇಲೆ ಬರಲಿಲ್ಲ. ಅವಳನ್ನು ದಡದಲ್ಲಿ ನಿಂತು ಕೂಗಿದವನೂ ಅವನೇ ಎಂದಳು ಓಕ್ಬುನ್. ಬೆಟ್ಟದಾಚೆಯ ಆಲೂಗಡ್ಡೆ ಬೆಳೆಯುವ ಊರಿನಿಂದ ಬಂದ ಮಾಲ್ಸುನ್‌ಗೆ, ಹಿಂದೊಂದು ಸಂಬಂಧ ತಪ್ಪಿಹೋಗಿತ್ತು ಎಂಬುದಷ್ಟೇ ಗೊತ್ತಿತ್ತು. ಜಾತಕ ಕೂಡಿಬಂದಿರಲಿಕ್ಕಿಲ್ಲ ಎಂದುಕೊಂಡಿದ್ದಳು.

ಆ ಮಧ್ಯಾಹ್ನವೆಲ್ಲ ಅವಳ ಹೊಟ್ಟೆ ಧಗಧಗ ಉರಿಯಿತು. ಬದುಕಿರುವ ಸವತಿಯಾದರೆ ಜುಟ್ಟು ಹಿಡಿಯಬಹುದು. ನೀರೊಳಗಿರುವವಳ ಜುಟ್ಟನ್ನು ಎಲ್ಲಿ ಹುಡುಕುವುದು? ತನಗೆ ಸೊಂಟ ನೋವು, ಬಾಯಲ್ಲಿ ಕಟ್ಟಿಸಿದ ಹಲ್ಲು. ಅವಳಿಗೋ ಎಂದೆಂದಿಗೂ ಇಪ್ಪತ್ತು. ಹೆಸರಾದರೂ ಎಂಥದ್ದು! ವಸಂತದಲ್ಲಿ ಗದ್ದೆಯಂಚಿಗೆ ಚಿಗುರುವ ಕಾಡು ಈರುಳ್ಳಿಯ ಹೆಸರು. ಮಾಲ್ಸುನ್ ಎಂದರೆ 'ಕೊನೆಯ ಹೆಣ್ಣು'. ಮೂರು ಹೆಣ್ಣಾದ ಮೇಲೆ, ಇನ್ನು ಸಾಕಪ್ಪ ಎಂದು ಅಪ್ಪ ಇಟ್ಟದ್ದು. ಮದುವೆಯಾದ ಹೊಸತರಲ್ಲಿ ಗಂಡ ಅವಳನ್ನು "ಇಲ್ನೋಡು" ಎನ್ನುತ್ತಿದ್ದ. ಮಗ ತೇಹೊ ಹುಟ್ಟಿದ ಮೇಲೆ ಊರಿಗೆಲ್ಲ ತೇಹೊ ಅಮ್ಮನಾದಳು, ಅವನಿಗೂ.

ಸಂಜೆ ಸಾರಿನ ಬಟ್ಟಲನ್ನು ದಡಾರನೆ ಇಟ್ಟಳು. ಉಪ್ಪು ಬೇಕೆಂದೇ ಹೆಚ್ಚು ಹಾಕಿದ್ದಳು. ಚಿಲ್ಬೊಕ್ ಅದನ್ನೇ ಚಮಚ ಚಮಚವಾಗಿ ಕುಡಿಯತೊಡಗಿದ.

"ಯಾರ್ರೀ ದಲ್ಲೆ?"

ಅವನ ಚಮಚ ಅರ್ಧಕ್ಕೆ ನಿಂತಿತು. "ಹುಡುಗೀರು ಕೂಗು ಅಂದ್ರು. ಬಾಯಿಗೆ ಬಂದಿದ್ದು ಕೂಗ್ದೆ."

"ಬಾಯಿಗೆ ನನ್ ಹೆಸ್ರು ಯಾಕ್ ಬರ್ಲಿಲ್ಲ?"

"ನೀನು ಮನೇಲೇ ಇದ್ದೀಯಲ್ಲ, ನಿನ್ನ ಯಾಕೆ ಕೂಗ್ಲಿ?"

"ಮನೇಲಿದ್ದೀನಿ ಅಂತ ಇಷ್ಟು ವರ್ಷ ಹೆಸರೇ ಇಲ್ದಂಗೆ ಬದುಕಿದ್ದಾಯ್ತು. ಹೇಳಿ ನೋಡೋಣ, ಏನು ನನ್ ಹೆಸ್ರು?"

ಚಿಲ್ಬೊಕ್ ಅವಳ ಮುಖವನ್ನೇ ನೋಡಿದ. "ಊಟ ಮಾಡು, ತೇಹೊ ಅಮ್ಮ" ಎಂದ.

ಅವಳು ಅವನ ಮುಂದಿದ್ದ ಕಿಮ್ಚಿಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ತಡೆಗೋಡೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ವಿಡಿಯೋದ ತಾತನನ್ನು ನೋಡಲೆಂದೇ ಬಂದವರು ಹೆಚ್ಚು. ಗೋಡೆಯ ಬುಡದಲ್ಲೇ ಮಾಲ್ಸುನ್ ಮೀನು ಒಣಹಾಕುವ ಗಳುಗಳು. ನೀಲಿ ಕೋಟಿನ ಹುಡುಗಿಯೊಬ್ಬಳು ಅವಳ ಹತ್ತಿರ ಓಡಿಬಂದಳು.

"ಅಜ್ಜೀ, ತಾತನ ಹೆಂಡ್ತಿ ನೀವಂತೆ! ಹಂಗಾದ್ರೆ ದಲ್ಲೆ ಅಜ್ಜಿ ನೀವೇ ತಾನೆ? ಎಷ್ಟ್ ಪ್ರೀತಿ ಅಜ್ಜಿ ಅವ್ರಿಗೆ! ನಾನಂತೂ ಅತ್ತೇಬಿಟ್ಟೆ."

ಮಾಲ್ಸುನ್ ಕೈಯಲ್ಲಿದ್ದ ಮೀನನ್ನು ಬುಟ್ಟಿಗೆ ಬಿಸಾಕಿದಳು.

"ನಾನು ದಲ್ಲೆ ಅಲ್ಲ ಕಣೇ! ಮಾಲ್ಸುನ್!" ಎಂದವಳೇ ತಡೆಗೋಡೆಯ ಕಡೆ ತಿರುಗಿದಳು. "ರೀ! ಇವತ್ತು ನನ್ ಹೆಸ್ರು ಕೂಗಿ. ಇವ್ರೆಲ್ಲ ಕೇಳ್ಲಿ. ಅವಳಿಗೆ ಎಷ್ಟು ಕೂಗಿದ್ರೋ ಅಷ್ಟೂ ಕೂಗ್ಬೇಕು. ಒಂದೂ ಕಮ್ಮಿ ಆಗ್ಬಾರ್ದು!"

ಚಿಲ್ಬೊಕ್‌ನ ಮುಖ ಬಿಳಿಚಿತು. "ತಲೆ ಕೆಟ್ಟಿದ್ಯಾ ನಿಂಗೆ? ಬದುಕಿರೋರ್ನ ಹಂಗ್ ಕೂಗ್ಬಾರ್ದು."

"ಇವ್ರೆಲ್ಲ ಕೂಗ್ತಿಲ್ವಾ?"

"ಇವ್ರಿಗೆ ಗೊತ್ತಿಲ್ಲ. ನಿಂಗೊತ್ತು."

"ಕೂಗಿ ಅಂದ್ರೆ ಕೂಗಿ!"

ಹುಡುಗಿಯರು ಚಪ್ಪಾಳೆ ತಟ್ಟಿದರು. "ಕೂಗಿ ತಾತಾ, ಕೂಗಿ!" ಚಿಲ್ಬೊಕ್ ಗೋಡೆಯ ತುದಿಯಿಂದ ಎರಡು ಹೆಜ್ಜೆ ಈಚೆ ಬಂದ. ಆಮೇಲೆ ಕಡಲಿಗೆ ಬೆನ್ನು ಹಾಕಿ ಊರ ಕಡೆಗೆ, ಮೀನಿನ ಗಳುಗಳ ಕಡೆಗೆ ತಿರುಗಿದ. ಅಂಗೈಗಳನ್ನು ಬಾಯಿಯ ಸುತ್ತ ಹಿಡಿದ.

"ಮಾಲ್ಸುನ್..."

ದನಿ ಸರಿಯಾಗಿ ಹೊರಡಲೇ ಇಲ್ಲ. ಆದರೂ ಮಾಲ್ಸುನ್‌ಳ ತೋಳಿನ ಮೇಲೆ ಕೂದಲು ನಿಮಿರಿತು. ಆ ಹೆಸರು ಅಷ್ಟೇನೂ ಕೆಟ್ಟದಾಗಿ ಕೇಳಿಸಲಿಲ್ಲ. ಓಗೊಡಬೇಕೆಂದು ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡಳು. ಇಷ್ಟಕ್ಕೇ ಓ ಅಂದರೆ ಲೆಕ್ಕ ಇಲ್ಲಿಗೇ ಮುಗಿದುಹೋಗುತ್ತದೆ. ಅವಳಿಗೆ ಮೂರು, ತನಗೆ ಒಂದೇ? ಗಳುವಿನ ಹಿಂದೆ ಸರಿದು ಮೀನು ಮಗುಚುವವಳಂತೆ ನಿಂತಳು.

"ಮಾಲ್ಸುನ್!"

ಈ ಸಲ ಗಂಟಲು ತೆರೆದಿತ್ತು. ಬಂಡೆಯ ಮೇಲಿನ ಹಕ್ಕಿಗಳು ಎದ್ದು ಹಾರಿದವು. ಕಾಫಿ ಮಾರುತ್ತಿದ್ದ ಓಕ್ಬುನ್ ಲೋಟ ಹಿಡಿದುಕೊಂಡೇ ನಿಂತಳು. ಮಾಲ್ಸುನ್ ನಾಲಿಗೆ ಕಚ್ಚಿ ಹಿಡಿದಳು. ಇನ್ನೊಂದು. ಇನ್ನೊಂದು ಬರಲಿ.

ಬರಲಿಲ್ಲ. ಅವಳು ಮೀನುಗಳ ಸಂದಿಯಿಂದ ಇಣುಕಿದಳು. ಚಿಲ್ಬೊಕ್‌ನ ಕೈ ಬಾಯಿಯ ಸುತ್ತ ಇದ್ದ ಹಾಗೇ ಇತ್ತು. ಬಾಯಿ ತೆರೆದಿತ್ತು. ಹುಡುಗಿಯರು ಮೊಬೈಲು ಎತ್ತಿ ಹಿಡಿದು ಕಾಯುತ್ತಿದ್ದರು. ಅವನ ಕಣ್ಣು ಗಳುವಿನಿಂದ ಗಳುವಿಗೆ ಅವಳನ್ನು ಹುಡುಕುತ್ತಿತ್ತು.

"ಓ!" ಎಂದಳು ಮಾಲ್ಸುನ್, ಊರಿಗೆಲ್ಲ ಕೇಳುವಂತೆ. "ಓ, ಇಲ್ಲೇ ಇದ್ದೀನ್ರೀ!"

ಚಿಲ್ಬೊಕ್ ಕೈ ಇಳಿಸಿದ. ಕಿತ್ತಳೆ ತೋಳಿನಿಂದ ಮುಖ ಒರೆಸಿಕೊಂಡ.

"ಅಯ್ಯೋ ಅಜ್ಜೀ, ಎರಡೇ ಆಗಿತ್ತು!" ಎಂದಳು ನೀಲಿ ಕೋಟಿನ ಹುಡುಗಿ.

ಮಾಲ್ಸುನ್ ಆಗಲೇ ಮಗುಚಿದ್ದ ಮೀನನ್ನು ಮತ್ತೊಂದು ಸಲ ಮಗುಚಿ ಹಾಕಿದಳು.